ಘಟ್ಟದ ಏರು, ಪ್ಲಗ್ಗಿನ ಸಂದು

ಸಕಲೇಶಪುರ, ಆಲೂರು ಸೀಮೆಯ ಕಾಫಿ ತೋಟಗಳಲ್ಲಿ ಹಳೆಯ ಪೆಟ್ರೋಲ್ ಜೀಪುಗಳು ಮನೆಯ ಎತ್ತುಗಳಂತೆ ದುಡಿದಿವೆ. ಏರಿಗೆ ಬಲ ಸಾಲದೆಂದು ಎಂಜಿನ್ನನ್ನು ತಿದ್ದಿಸುವ ಗೃಹಸ್ಥರೂ ಉಂಟು. ಸಿಲಿಂಡರ್ ಹೆಡ್ಡನ್ನು ತುಸು ಉಜ್ಜಿಸಿ ಒತ್ತಡವನ್ನು ಹೆಚ್ಚಿಸುವುದು, ಟರ್ಬೊ ಕೂಡಿಸುವುದು, ಪೆಟ್ರೋಲಿನ ಗಾಡಿಯನ್ನು ಗ್ಯಾಸಿಗೆ ಮಾರ್ಪಡಿಸುವುದು ಮೊದಲಾಗಿ ಇದರ ಬಗೆಗಳು ಹಲವು. ಇಷ್ಟೆಲ್ಲ ವೆಚ್ಚ ಮಾಡಿದ ಮೇಲೆ ಬಹುಮಂದಿ ಮರೆಯುವುದು ಒಂದು ಸಣ್ಣ ಸಂಗತಿಯನ್ನು. ಅದು ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವ ಸಂದು. ಮೇಸ್ತ್ರಿಗಳು ಇದನ್ನೇ ಗ್ಯಾಪು ಎನ್ನುತ್ತಾರೆ.

ಈ ಮರೆವಿನ ಫಲವು ಮನೆಯಂಗಳದಲ್ಲಿ ಕಾಣದು. ನಿಂತಲ್ಲಿ ಎಂಜಿನು ಸೊಗಸಾಗಿಯೇ ಓಡುತ್ತದೆ. ಮಳೆಗಾಲದ ರಾತ್ರಿ ಮನೆಮಂದಿಯನ್ನೆಲ್ಲ ಕೂಡಿಸಿಕೊಂಡು ಗುಂಡ್ಯದಿಂದ ಶಿರಾಡಿ ಘಟ್ಟವನ್ನು ಏರುವಾಗ, ಹಿಂದೆ ಲಾರಿಗಳ ಸಾಲು ಬರುತ್ತಿರಲು, ಅದು ಮಿಸ್ ಹೊಡೆಯಲಾರಂಭಿಸುತ್ತದೆ. ಬಲ ಬೇಕಾದ ಗಳಿಗೆಯಲ್ಲಿಯೇ ಹೀಗಾಗುವುದೇಕೆ?

ಕಿಡಿ ಹಾರಲು ಬೇಕಾದ ವೋಲ್ಟೇಜು ಅನಿಲದ ಒತ್ತಡವನ್ನೂ ಸಂದಿನ ಅಗಲವನ್ನೂ ಗುಣಿಸಿದ ಲಬ್ಧವನ್ನು ಅವಲಂಬಿಸಿದೆಯೆಂದು ಜರ್ಮನಿಯ ವಿಜ್ಞಾನಿ ಪಾಶೆನ್ ೧೮೮೯ರಲ್ಲಿ ತೋರಿಸಿಕೊಟ್ಟನು. ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಸಿಲಿಂಡರು ತುಂಬಿ ಒಳಗಿನ ಒತ್ತಡವು ಏರುತ್ತದೆ. ತಿದ್ದಿದ ಎಂಜಿನ್ನಿನಲ್ಲಿ ಅದು ಮತ್ತಷ್ಟು ಹೆಚ್ಚು. ಸಂದು ಮೊದಲಿನಷ್ಟೇ ಅಗಲವಾಗಿದ್ದು ಹಳೆಯ ಕಾಯಿಲೇ ಉಳಿದಿದ್ದರೆ, ಕಿಡಿ ದಾಟಲಾರದೆ ಸೋಲುತ್ತದೆ. ಗ್ಯಾಸಿಗೂ ಪೆಟ್ರೋಲಿಗಿಂತ ಹೆಚ್ಚಿನ ವೋಲ್ಟೇಜು ಬೇಕು.

ನಮ್ಮ ಸೀಮೆಯಲ್ಲಿ ಇನ್ನೊಂದು ಸೂಕ್ಷ್ಮವುಂಟು. ಸಕಲೇಶಪುರವು ಸಮುದ್ರಮಟ್ಟಕ್ಕಿಂತ ಸುಮಾರು ೯೫೦ ಮೀಟರು ಎತ್ತರದಲ್ಲಿದೆ. ಅಲ್ಲಿ ಗಾಳಿ ತುಸು ತೆಳುವಾಗಿರುವುದರಿಂದ ಕಿಡಿ ಸುಲಭವಾಗಿ ಹಾರುತ್ತದೆ. ಮೇಲೆ ಸರಿಯೆನಿಸಿದ ಸಂದು ಘಟ್ಟದ ಬುಡದ ದಟ್ಟ ಗಾಳಿಯಲ್ಲಿ ತಪ್ಪಬಹುದು. ಆದುದರಿಂದ ಪರೀಕ್ಷೆಯನ್ನು ಕೆಳಗಿನ ಏರಿನಲ್ಲಿ, ಹೊರೆಯಿಟ್ಟೇ ಮಾಡತಕ್ಕದ್ದು.

ಹಾಗಾದರೆ ಅಳತೆಯೆಷ್ಟು? ತಯಾರಕರು ಹೇಳಿದ ಅಂಕಿಯಿಂದಲೇ ತೊಡಗಬೇಕು. ಹಳೆಯ ವಿಲ್ಲಿಸ್ ಜೀಪಿಗೆ ಅದು ಅಂಗುಲದ ಸಾವಿರದ ೩೦ ಭಾಗ, ಎಂದರೆ ಸುಮಾರು ೦.೭೬ ಮಿಲಿಮೀಟರು. ಏರಿನಲ್ಲಿ ಎಂಜಿನು ಮಿಸ್ ಹೊಡೆದರೆ ಒಂದು ಸಲಕ್ಕೆ ೦.೧ ಮಿಲಿಮೀಟರಿನಷ್ಟೇ ಕಿರಿದುಮಾಡಿ ಅದೇ ಏರಿನಲ್ಲಿ ಮತ್ತೆ ನೋಡಬೇಕು. ಮಿಸ್ ನಿಂತೊಡನೆ ಅಲ್ಲಿಗೇ ಸಾಕು. ಅತಿಯಾಗಿ ಕಿರಿದುಮಾಡಿದರೆ ಕಿಡಿ ಸಣ್ಣದಾಗಿ, ನಿಂತಲ್ಲಿ ಎಂಜಿನು ನಡುಗುವುದು. ತಪ್ಪದೆ ಹಾರುವ ಕಿಡಿಗೆ ಅವಕಾಶವೀಯುವ ಅತ್ಯಂತ ಅಗಲವಾದ ಸಂದೇ ಯೋಗ್ಯವಾದುದು.

ಪ್ಲಗ್ಗನ್ನು ಎಂಜಿನು ತಣ್ಣಗಾದ ಮೇಲೆಯೇ ಬಿಚ್ಚಬೇಕು. ಬಿಸಿಯಲ್ಲಿ ತಿರುವಿದರೆ ಅಲ್ಯುಮಿನಿಯಂ ಹೆಡ್ಡಿನ ಮರೆ ಕಿತ್ತುಬರುವ ಭಯವುಂಟು. ಗೇಜಿನಿಂದ ಅಳೆದು, ಹೊರಗಿನ ಬಾಗಿದ ಕಡ್ಡಿಯನ್ನು ಮಾತ್ರ ಬಗ್ಗಿಸಬೇಕು. ನಡುವಿನ ಕಡ್ಡಿಯನ್ನು ಮೀಟಬಾರದು. ಇರಿಡಿಯಂ ಪ್ಲಗ್ಗುಗಳ ನಡುಗಡ್ಡಿಯು ಬಹು ಸಣ್ಣದಾದುದರಿಂದ ಅವನ್ನು ಮತ್ತಷ್ಟು ಮೆಲ್ಲಗೆ ಹಿಡಿಯಬೇಕು. ಎಲ್ಲ ಪ್ಲಗ್ಗುಗಳ ಸಂದೂ ಒಂದೇ ಸಮನಾಗಿರಲಿ.

ಸಂದು ಸರಿಯಿದ್ದೂ ಮಳೆಯಲ್ಲಿ ಮಾತ್ರ ಮಿಸ್ ಹೊಡೆದರೆ ಪ್ಲಗ್ಗಿನ ವಯರುಗಳನ್ನು ಶಂಕಿಸಬೇಕು. ಕತ್ತಲೆಯಲ್ಲಿ ಬಾನೆಟ್ಟನ್ನೆತ್ತಿ ನೋಡಿದರೆ, ಸವೆದ ವಯರಿನಿಂದ ಹೊರಕ್ಕೆ ಸೋರುವ ಕಿಡಿ ಕಣ್ಣಿಗೆ ಬೀಳುವುದು. ಅದನ್ನು ಕೈಯಿಂದ ಮುಟ್ಟಲಾಗದು.

ಎಂಜಿನ್ನನ್ನು ತಿದ್ದಿಸಿದ ದಿನವೇ ಮೇಸ್ತ್ರಿಯಿಂದ ಹೊಸ ಅಳತೆಯನ್ನು ಕೇಳಿ ಬರೆದಿಟ್ಟುಕೊಳ್ಳುವ ಗೃಹಸ್ಥನು ಹಣವನ್ನೂ ಉಳಿಸುವನು, ತನ್ನನ್ನು ನಂಬಿ ಗಾಡಿಯೇರಿದವರನ್ನೂ ನಿಶ್ಚಿಂತೆಯಿಂದ ಮನೆ ಸೇರಿಸುವನು.