ತಟ್ಟೆ ಮುಳುಗುವ ಹೊತ್ತಿಗೆ ಮೇಲೆ ಉಪಗ್ರಹ

ಕಪ್ಪು ಬಿಳುಪು ಬಳಿದ ತಟ್ಟೆ ನೀರಿಗಿಳಿದು ಅರ್ಧ ಮೀಟರ್ ಹೋಗುವುದರೊಳಗೆ ಮಾಯವಾಯಿತು. ಹಗ್ಗ ಹಿಡಿದಿದ್ದ ವಿದ್ಯಾರ್ಥಿನಿ ಅದನ್ನು ಮೆಲ್ಲಗೆ ಮೇಲೆಳೆದಳು. ಬಿಳುಪು ಮತ್ತೆ ಕಂಡ ಕ್ಷಣ ಹಗ್ಗಕ್ಕೆ ಬೆರಳಿಟ್ಟು ಅಳೆದು ಬರೆದುಕೊಂಡಳು. ಗಂಟೆ ಹನ್ನೊಂದರ ಆಸುಪಾಸು. ಯುರೋಪಿನ ಸೆಂಟಿನೆಲ್-2 ಉಪಗ್ರಹ ನಮ್ಮ ಭಾಗದ ಚಿತ್ರ ತೆಗೆಯುವುದು ಆ ಹೊತ್ತಿಗೇ. ಅದಕ್ಕೆಂದೇ ಅವಳು ದಿನ ನೋಡಿಕೊಂಡು ಬಂದಿದ್ದಳು.

ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಂಡೆಗಿರುವ ಐರಣಿಗೆ ಬರುವವರು ಕೋಟೆ ನೋಡುತ್ತಾರೆ, ಹೊಳೆಮಠಕ್ಕೆ ಹೋಗುತ್ತಾರೆ. ನಾವಿದ್ದದ್ದು ಊರಿನ ಸಮೀಪದ ಒಂದು ಕೆರೆಯಲ್ಲಿ, ಮೀನು ಹಿಡಿಯುವವರೊಬ್ಬರ ಹರಿಗೋಲಿನಲ್ಲಿ. ಉಪಗ್ರಹ ಕೆರೆಯ ನೀರು ಹೇಗಿದೆ ಎಂದು ಹೇಳುತ್ತದಂತೆ ಅಂದಾಗ ಅವರು ಕೇಳಿದ್ದು ಒಂದೇ ಮಾತು: “ಯಾವಾಗಿನ ನೀರ್ರೀ? ಮುಂಜಾನಿ ಹಸರೆಲ್ಲಾ ಮ್ಯಾಲ ತೇಲತೈತಿ. ಗಾಳಿ ಬಿಟ್ಟಮ್ಯಾಲ ಅದೆಲ್ಲಾ ಏರಿ ಕಡಿಗೆ ಹೋಗಿ ಕೂಡತೈತಿ.”

ಈ ವಿಷಯದ ಸಂಶೋಧಕರು ತಲೆಕೆಡಿಸಿಕೊಳ್ಳುವುದೂ ಇದಕ್ಕೇ. ನೀಲಿ-ಹಸಿರು ಪಾಚಿಯ ಕೆಲವು ಬಗೆಗಳು ತಮ್ಮೊಳಗಿನ ಗಾಳಿಕೋಶಗಳ ಬಲದಿಂದ ಮೇಲೇರುತ್ತವೆ, ಇಳಿಯುತ್ತವೆ. ಬೆಳಿಗ್ಗೆ ಏಳಕ್ಕೆ ತುಂಬಿಸಿದ ಬಾಟಲಿಯನ್ನು ಹನ್ನೊಂದರ ಚಿತ್ರದ ಪಕ್ಕದಲ್ಲಿಟ್ಟರೆ ಎರಡೂ ಬೇರೆಬೇರೆ ಕೆರೆಗಳಂತೆ ಕಾಣಬಹುದು. ಹಾಗಾಗಿಯೇ ಮಾದರಿ ತೆಗೆದ ಸಮಯಕ್ಕೂ ಉಪಗ್ರಹ ಹಾದ ಸಮಯಕ್ಕೂ ಕೆಲವೇ ಗಂಟೆಗಳ ಅಂತರವಿರಲಿ ಎಂದು ತಜ್ಞರು ಪಟ್ಟು ಹಿಡಿಯುತ್ತಾರೆ.

ಆ ತಟ್ಟೆಯ ಚರಿತ್ರೆ ನನ್ನನ್ನು ಬಿಡುತ್ತಿಲ್ಲ. ಅದರ ಹೆಸರು ಸೆಕ್ಕಿ ತಟ್ಟೆ. ಏಂಜೆಲೊ ಸೆಕ್ಕಿ ರೋಮಿನ ಜೆಸ್ಯುಟ್ ಪಾದ್ರಿ, ಖಗೋಳಶಾಸ್ತ್ರಜ್ಞ. 1865ರ ಏಪ್ರಿಲ್‌ನಲ್ಲಿ ಪೋಪರ ಹಡಗಿನಿಂದ ಮೆಡಿಟರೇನಿಯನ್ ಸಮುದ್ರಕ್ಕೆ ತಟ್ಟೆಗಳನ್ನು ಇಳಿಬಿಟ್ಟು, ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತವೆ ಎಂದು ಅಳೆದ. ಅಷ್ಟಕ್ಕೇ ಬಿಡಲಿಲ್ಲ. ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ, ಮೋಡವಿದೆಯೇ, ತಟ್ಟೆ ಎಷ್ಟು ದೊಡ್ಡದು, ಯಾವ ಬಣ್ಣದ್ದು, ಹಡಗಿನ ನೆರಳಿನಲ್ಲಿ ನೋಡಿದರೆ ಏನಾಗುತ್ತದೆ ಎಂಬುದನ್ನೆಲ್ಲ ಪರೀಕ್ಷಿಸಿದ. ಅಳತೆ ಯಾವ ಕಾರಣಕ್ಕೆ ತಪ್ಪಬಹುದು ಎಂಬುದೇ ಅವನಿಗೆ ಅಳತೆಯಷ್ಟು ಮುಖ್ಯವಾಗಿತ್ತು. 1899ರಲ್ಲಿ ಅಮೆರಿಕದ ಜಾರ್ಜ್ ವಿಪಲ್ ತಟ್ಟೆಯನ್ನು ನಾಲ್ಕು ಭಾಗ ಮಾಡಿ ಕಪ್ಪು ಬಿಳುಪು ಬಳಿದ. ಐರಣಿಯ ಹರಿಗೋಲಿನಲ್ಲಿದ್ದದ್ದು ಆ ವಂಶದ್ದೇ. ಇದೇ ಸೆಕ್ಕಿ ನಕ್ಷತ್ರಗಳ ಬೆಳಕನ್ನು ಬಣ್ಣಬಣ್ಣವಾಗಿ ಒಡೆದು ನೋಡಿ, ಅವುಗಳನ್ನು ಬಗೆಬಗೆಯಾಗಿ ವಿಂಗಡಿಸಿದವರಲ್ಲಿ ಮೊದಲಿಗ. ದೂರದ ವಸ್ತುವಿನ ಬೆಳಕು ಒಡೆದು ಅದರೊಳಗೇನಿದೆ ಎಂದು ಊಹಿಸುವುದು, ಹತ್ತಿರದ ನೀರಿಗೆ ತಟ್ಟೆ ಇಳಿಸಿ ನೋಡುವುದು, ಎರಡೂ ಅವನವೇ. ಇಂದು ಕೆರೆಯ ಉಪಗ್ರಹ ಸಮೀಕ್ಷೆ ನಿಂತಿರುವುದು ಈ ಎರಡು ಕಾಲುಗಳ ಮೇಲೆ. ನಮ್ಮಲ್ಲಿ ಮೊದಲನೆಯದಕ್ಕೆ ಸಿಗುವ ಮರ್ಯಾದೆ ಎರಡನೆಯದಕ್ಕೆ ಸಿಗುತ್ತಿಲ್ಲ ಎಂಬುದೇ ನನ್ನ ತಕರಾರು.

ಉಪಗ್ರಹಕ್ಕೆ ನೀರು ಕಾಣುವುದೇ ಕಷ್ಟ. ನೀರಿನ ಮೇಲಿಂದ ಅದರ ಕಣ್ಣಿಗೆ ಬರುವ ಬೆಳಕಿನಲ್ಲಿ ನೂರಕ್ಕೆ ಹೆಚ್ಚುಕಡಿಮೆ 90 ಪಾಲು ನಡುವಿನ ವಾತಾವರಣದ್ದು. ದೂಳು, ಹೊಗೆ, ಆವಿಯ ಆ ಪಾಲನ್ನು ಕಳೆದ ಮೇಲೆ ಉಳಿಯುವ ಚೂರಿನಲ್ಲಿ ಪಾಚಿಯ ಹಸಿರನ್ನು ಹುಡುಕಬೇಕು. ಕಳೆಯುವ ಲೆಕ್ಕ ಸ್ವಲ್ಪ ತಪ್ಪಿದರೂ ಉತ್ತರ ಬಹಳ ತಪ್ಪುತ್ತದೆ. ಈ ಲೆಕ್ಕದ ಸೂತ್ರಗಳು ಮೊದಲು ಬೆಳೆದದ್ದು ನೀಲಿ ಸಮುದ್ರಕ್ಕೆ. ಎರೆಭೂಮಿಯ ರಾಡಿ ಕೂಡಿದ ಕೆರೆಗೆ ಅವನ್ನೇ ಹೊಂದಿಸಿದರೆ ಮಣ್ಣನ್ನೇ ಪಾಚಿ ಎಂದು ಓದುವ ಅಪಾಯವಿದೆ.

ಇನ್ನು ಗಾತ್ರ. ಸೆಂಟಿನೆಲ್-2ರಲ್ಲಿ ಪಾಚಿ ಗುರುತಿಸಲು ಬಹಳ ಉಪಯೋಗಕ್ಕೆ ಬರುವ 705 ನ್ಯಾನೋಮೀಟರ್ ಪಟ್ಟಿಯ ಒಂದು ಚುಕ್ಕೆ ನೆಲದ ಮೇಲೆ 20 ಮೀಟರ್ ಚೌಕ. ಎಕರೆಗೆ ಹತ್ತು ಚುಕ್ಕೆ ಎಂದುಕೊಳ್ಳಿ. ಅಂಚಿನ ಚುಕ್ಕೆಗಳಲ್ಲಿ ಏರಿಯ ಜಾಲಿ, ಅಂಗಳದ ಹುಲ್ಲು ಬೆರೆತಿರುತ್ತವೆ. ದಂಡೆಯ ಹೊಲದ ಹಸಿರು ಗಾಳಿಯಲ್ಲಿ ಚೆದರಿ ನೀರಿನ ಚುಕ್ಕೆಗೂ ತಗಲುತ್ತದೆ. ಅಂಚನ್ನು ಕೈಬಿಟ್ಟು ನಡುವಿನದನ್ನಷ್ಟೇ ಓದಬೇಕು. ಬೇಸಗೆಯಲ್ಲಿ ಕೆರೆ ಬತ್ತಿದಾಗ ನಡುವೆಯೂ ತಳ ಕಾಣುತ್ತದೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ನೆತ್ತಿಗೆ ಬರುವುದು ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ನಡುವೆ. ಆ ದಿನಗಳಲ್ಲಿ ಅಲೆಗಳ ಮೇಲಿನ ಹೊಳಪು ಚಿತ್ರವನ್ನು ಕೆಡಿಸುತ್ತದೆ. ಮುಂಗಾರಿನಲ್ಲಿ, ಗೋವಿನಜೋಳದ ಹೊಲಗಳ ಗೊಬ್ಬರ ಹಳ್ಳ ಹಿಡಿದು ಕೆರೆ ಸೇರುವ ಹೊತ್ತಿಗೆ, ಮೋಡ ಮುಚ್ಚಿ ಚಿತ್ರವೇ ಇರುವುದಿಲ್ಲ.

ಬೆಂಗಳೂರಿನ ಬೆಳ್ಳಂದೂರು ಕೆರೆ ಇನ್ನೊಂದು ಪಾಠ. 2017ರ ಫೆಬ್ರುವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಬೆಂಕಿ ಕಂಡ ಕೆರೆ ಅದು. ಜಲಕಳೆ ಹಬ್ಬಿದ್ದಾಗ ಮೇಲಿನಿಂದ ನೋಡಿದರೆ ಹಸಿರು ಹೊಲ. ಕಳೆಯನ್ನು ಮೊದಲು ಬೇರ್ಪಡಿಸದೆ ನೀರಿನ ಗುಣ ಲೆಕ್ಕ ಹಾಕಿದರೆ ಬರುವ ಅಂಕಿಗೆ ಅರ್ಥವಿಲ್ಲ. ನೈಟ್ರೇಟ್, ಕೋಲಿಫಾರ್ಮ್ ಬ್ಯಾಕ್ಟೀರಿಯಾ, ಸೀಸದಂಥ ಲೋಹಗಳಿಗೆ ಬಣ್ಣವೇ ಇಲ್ಲ. ಅವನ್ನೂ ಆಕಾಶದಿಂದ ಅಳೆದೆವೆನ್ನುವ ವರದಿ ಕಂಡರೆ ನಾನು ಮೊದಲು ಹುಡುಕುವುದು ಪ್ರಯೋಗಾಲಯದ ಪಟ್ಟಿಯನ್ನು.

ತುಂಗಭದ್ರೆಯ ಈ ದಂಡೆಗೆ ನೀರಿನ ತಂಟೆ ಹೊಸದಲ್ಲ. ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ತ್ಯಾಜ್ಯದ ವಿರುದ್ಧ 1980ರ ದಶಕದಲ್ಲಿ ಸಮಾಜ ಪರಿವರ್ತನ ಸಮುದಾಯ ಹೋರಾಡಿದ್ದನ್ನು ರಾಣೆಬೆನ್ನೂರು ಸೀಮೆಯ ಹಿರಿಯರು ಮರೆತಿಲ್ಲ. ಅಂಥ ಜಗಳದಲ್ಲಿ ನಿಲ್ಲಬೇಕಾದರೆ ಅಂಕಿಗೆ ತಾರೀಖು, ಗಂಟೆ, ಜಾಗ, ತಪ್ಪಿನ ಅಂದಾಜು ಎಲ್ಲವೂ ಇರಬೇಕು. “ಕೆರೆ ಕೆಟ್ಟಿದೆ” ಎಂದು ಕೆಂಪು ಬಳಿದ ನಕ್ಷೆಯನ್ನು ಎದುರಿನವರು ಒಂದೇ ಪ್ರಶ್ನೆಗೆ ಕೆಡವಬಹುದು.

ಜಗತ್ತಿನ ವಿಜ್ಞಾನಿಗಳು ಕೈಜೋಡಿಸಿ 2023ರಲ್ಲಿ ‘ಗ್ಲೋರಿಯಾ’ ಎಂಬ ದತ್ತಾಂಶ ಭಂಡಾರವನ್ನು ಎಲ್ಲರಿಗೂ ತೆರೆದಿಟ್ಟರು. ಸುಮಾರು 450 ಜಲರಾಶಿಗಳ ಬಳಿ ನಿಂತು ಅಳೆದ 7,572 ಬೆಳಕಿನ ದಾಖಲೆಗಳು ಅದರಲ್ಲಿವೆ. ಸೂತ್ರಗಳು ಕಲಿಯುವುದು ಇಂಥ ದಾಖಲೆಗಳಿಂದಲೇ. ಹೆಗ್ಗೇರಿ, ಕಾಗಿನೆಲೆ, ಐರಣಿಯ ಕೆರೆಗಳ ನೀರು ತಮ್ಮ ಮಣ್ಣಿನ ಬಣ್ಣದೊಂದಿಗೆ ಇಂಥ ಲೆಕ್ಕದೊಳಗೆ ಬರಬೇಕು. ಕೇರಳದ ವೆಂಬನಾಡು ಸರೋವರದಲ್ಲಿ ಊರಿನವರೇ ಪುಟ್ಟ ಸೆಕ್ಕಿ ತಟ್ಟೆ ಹಿಡಿದು ಇಂಥ ಅಳತೆ ಮಾಡಿದ್ದಾರೆ. ಹಾವೇರಿ ಜಿಲ್ಲೆಯ ಕಾಲೇಜುಗಳಿಗೆ ಇದು ಎಟುಕದ ಕೆಲಸವಲ್ಲ. ಒಂದು ತಟ್ಟೆ, ಹಗ್ಗ, ಬಾಟಲಿ, ಉಪಗ್ರಹ ಹಾಯುವ ದಿನಗಳ ಪಟ್ಟಿ, ಜತೆಗೆ ಕೆರೆ ಬಲ್ಲ ಒಬ್ಬ ಮೀನುಗಾರ ಸಾಕು.

ಆರಂಭಿಸಲು ಹಿಂಗಾರು ತೆರವಾಗುವ ನವೆಂಬರ್ ಒಳ್ಳೆಯದು: ಕೆರೆ ತುಂಬಿರುತ್ತದೆ, ಆಕಾಶ ತಿಳಿಯಾಗಿರುತ್ತದೆ. ಲಾಭ ಮುಂದಿನದಕ್ಕೆ ಮಾತ್ರವಲ್ಲ. ಮೊದಲ ಸೆಂಟಿನೆಲ್-2 ಹಾರಿದ್ದು 2015ರ ಜೂನ್‌ನಲ್ಲಿ. ಅಂದಿನಿಂದ ಅದು ತೆಗೆದ ಚಿತ್ರಗಳು ಉಚಿತವಾಗಿ ಸಿಗುತ್ತವೆ. ನಮ್ಮ ನೀರಿಗೆ ಸೂತ್ರ ಒಮ್ಮೆ ಹೊಂದಿತೆಂದರೆ ಹಳೆಯ ಚಿತ್ರಗಳನ್ನೂ ಅದರಿಂದಲೇ ಮತ್ತೆ ಓದಬಹುದು. ಐರಣಿಯ ಕೆರೆ ಯಾವ ವರ್ಷ ಹಸಿರಾಗತೊಡಗಿತು ಎಂಬ ಪ್ರಶ್ನೆಗೂ ಆಗ ಉತ್ತರ ಹುಡುಕಬಹುದು.