ಕಾಲಜ್ಞಾನವೂ ಆಟಗಾರನ ಸ್ವಾತಂತ್ರ್ಯವೂ

ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನಲ್ಲಿರುವ ಕೈವಾರದ ಹೆಸರನ್ನು ಕೇಳಿದೊಡನೆ ಯೋಗಿ ನಾರೇಯಣ ಯತೀಂದ್ರರ ಕಾಲಜ್ಞಾನವು ನೆನಪಾಗುವುದು. ಮುಂದಾಗುವುದೆಲ್ಲವೂ ಮೊದಲೇ ನುಡಿಯಲ್ಪಟ್ಟಿದ್ದರೆ ಮನುಷ್ಯನ ಇಚ್ಛೆಗೆ ಎಡೆಯೆಲ್ಲಿ? ಈ ಹಳೆಯ ಪ್ರಶ್ನೆಯನ್ನು ಗಣಕಯಂತ್ರದ ಆಟಗಳೂ ಎತ್ತಿವೆ.

೨೦೦೨ನೆಯ ಇಸವಿಯಲ್ಲಿ ಅಮೆರಿಕದ ಸಂಸ್ಥೆಯೊಂದು ಹೊರತಂದ 'ಮಾರೋವಿಂಡ್' ಎಂಬ ಪಾತ್ರಧಾರಣೆಯ ಆಟವನ್ನು ನೋಡೋಣ. ನೆರೆವಾರನೆಂಬ ಪ್ರಾಚೀನ ವೀರನು ಮರಳಿ ಹುಟ್ಟಿಬರುವನೆಂಬುದು ಅದರಲ್ಲಿನ ಭವಿಷ್ಯವಾಣಿ. ಆದರೆ ಆ ಪದವಿಯು ಆಟಗಾರನಿಗೆ ತಾನಾಗಿ ಬಾರದು. ಹೇಳಿದ ಪರೀಕ್ಷೆಗಳನ್ನು ಒಂದೊಂದಾಗಿ ಗೆಲ್ಲಬೇಕು. ಅವನಿಗಿಂತ ಮೊದಲು ಯತ್ನಿಸಿ ಸೋತವರೂ ಕಥೆಯಲ್ಲಿದ್ದಾರೆ. ಭವಿಷ್ಯವಾಣಿಗೆ ಅವಶ್ಯಕನಾದ ಒಬ್ಬನನ್ನು ಆಟಗಾರನು ಕೊಂದನೆನ್ನಿ. ವಿಧಿಯ ಎಳೆ ಹರಿಯಿತೆಂದು ಯಂತ್ರವು ಎಚ್ಚರಿಸುವುದು. ಆದರೂ ಆಟವು ನಿಲ್ಲದು.

ಇದರ ಮರ್ಮ ಸರಳವಾದುದು. ಯಂತ್ರದೊಳಗಿನ ಭವಿಷ್ಯವಾಣಿಯು 'ಹೀಗಾದರೆ ಹಾಗೆ' ಎಂಬ ನಿಬಂಧನೆಗಳ ಸರಪಣಿ. ಪ್ರತಿಯೊಂದು ಕಾರ್ಯಕ್ಕೂ ಯಂತ್ರದ ಸ್ಮೃತಿಯಲ್ಲಿ ಒಂದು ಅಂಕಿಯುಂಟು; ಕಾರ್ಯವು ಸಾಗಿದಂತೆ ಅಂಕಿಯು ಬದಲಾಗಿ, ಮುಂದಿನ ಬಾಗಿಲು ತೆರೆಯುವುದು. ಎಳೆ ಹರಿದವನಿಗೂ ಕಡೆಯ ಶತ್ರುವನ್ನು ಗೆಲ್ಲಲು ದುರ್ಗಮವಾದ ಇನ್ನೊಂದು ದಾರಿಯನ್ನು ರಚನಾಕಾರರು ಇರಿಸಿದ್ದಾರೆ.

ಹಾಗಾದರೆ ಆಟಗಾರನು ಸ್ವತಂತ್ರನೇ? ಅವನ ಉಲ್ಲಂಘನೆಯನ್ನೂ ರಚನಾಕಾರರು ಮುಂಗಂಡಿದ್ದರು, ದಾರಿಗಳೆಲ್ಲವೂ ಅವರವೇ. ಆದರೆ ಯಾವ ದಾರಿಯನ್ನು ಹಿಡಿಯುವನೆಂಬುದನ್ನು ಅವರೂ ಬರೆದಿಡಲಾರರು. ಆ ಆಯ್ಕೆಯೂ ಅದರ ಹೊಣೆಯೂ ಆಟಗಾರನವು. ಕಾಲಜ್ಞಾನವನ್ನು ಕೇಳಿ ಕೈವಾರದಿಂದ ಶಿಡ್ಲಘಟ್ಟಕ್ಕೋ ಗೌರಿಬಿದನೂರಿಗೋ ಮರಳುವ ಯಾತ್ರಿಕನೂ ನಾಳೆ ತಾನೇನು ಮಾಡಬೇಕೆಂಬುದನ್ನು ತಾನೇ ನಿಶ್ಚಯಿಸಬೇಕಷ್ಟೆ.