ವ್ಯಾಯಾಮದ ಬಳಿಕ ಸ್ನಾನ: ಮೊದಲು ಬೆವರು ಆರಲಿ

ಗರಡಿಮನೆಯಲ್ಲಿ ಸಾಮು ಮುಗಿಸಿದ ಪೈಲ್ವಾನರು ಮೈಗೆ ಮಟ್ಟಿಯ ಮಣ್ಣು ಸವರಿಕೊಂಡು, ಬೆವರು ಆರಿದ ಮೇಲೆಯೇ ಸ್ನಾನಕ್ಕೆ ತೆರಳುವುದುಂಟು. ಈ ತಾಳ್ಮೆಯಲ್ಲಿ ಆರೋಗ್ಯದ ಮರ್ಮವಡಗಿದೆ.

ನಾವು ಓಡುವಾಗ, ದಂಡ-ಬಸ್ಕಿ ತೆಗೆಯುವಾಗ ಶಾಖವನ್ನು ಹೊರಹಾಕಲು ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ವ್ಯಾಯಾಮವನ್ನು ಥಟ್ಟನೆ ನಿಲ್ಲಿಸಿದರೆ ರಕ್ತವು ಕಾಲುಗಳಲ್ಲಿ ತಂಗಿ, ರಕ್ತದೊತ್ತಡ ಇಳಿಯುತ್ತದೆ. ಆಗಲೇ ಬಿಸಿನೀರು ಸುರಿದುಕೊಂಡರೆ ನಾಳಗಳು ಮತ್ತಷ್ಟು ಹಿಗ್ಗಿ, ತಲೆಸುತ್ತಿ ಬಚ್ಚಲಿನಲ್ಲಿ ಬೀಳುವ ಅಪಾಯವಿದೆ. ತೀರ ತಣ್ಣೀರಾದರೆ ನಾಳಗಳು ಒಮ್ಮೆಲೇ ಕುಗ್ಗಿ ರಕ್ತದೊತ್ತಡ ಏರುತ್ತದೆ; ಹೃದ್ರೋಗವುಳ್ಳವರಿಗೆ ಇದು ಹೆಚ್ಚು ಅಪಾಯಕರ.

ಆದುದರಿಂದ ವ್ಯಾಯಾಮದ ಕೊನೆಗೆ 5ರಿಂದ 10 ನಿಮಿಷ ನಿಧಾನವಾಗಿ ನಡೆಯೋಣ. ಗುಟುಕು ಗುಟುಕಾಗಿ ನೀರು ಕುಡಿದು, ಉಸಿರು ಮತ್ತು ನಾಡಿ ಸಹಜಸ್ಥಿತಿಗೆ ಮರಳುವವರೆಗೆ, ಎಂದರೆ ಸುಮಾರು 20 ನಿಮಿಷ, ಕಾಯೋಣ. ಬಳಿಕ ಉಗುರುಬೆಚ್ಚಗಿನ ನೀರನ್ನು ಮೊದಲು ಪಾದಗಳಿಗೆ, ಅನಂತರ ಮೈಗೆ ಹಾಕಿಕೊಳ್ಳೋಣ.

ವಯೋವೃದ್ಧರು, ರಕ್ತದೊತ್ತಡಕ್ಕೆ ಮಾತ್ರೆ ಸೇವಿಸುವವರು ಬಚ್ಚಲಿನ ಬಾಗಿಲಿಗೆ ಅಗುಳಿ ಹಾಕದಿರುವುದು ಲೇಸು. ತಲೆ ತಿರುಗಿದಂತಾದರೆ ಕೂಡಲೇ ಕುಳಿತು ಮನೆಯವರನ್ನು ಕರೆಯಬೇಕು. ಎದೆನೋವು ಕಾಣಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ದೇಹವನ್ನು ದಣಿಸುವುದಷ್ಟೇ ಅಲ್ಲ, ಅದು ತಣಿಯುವವರೆಗೆ ಕಾಯುವುದೂ ವ್ಯಾಯಾಮದ ಅಂಗವೇ ಆಗಿದೆ.